ಕದ್ದ ಟೊಂಗಿ, ಹಸಿ ಅರಿವಿ

ನನ್ನ ಕೈಗುಣದ ಸುದ್ದಿ ತಗದ್ರ ನಮ್ಮ ಮನಿಯಾಗ ಎಲ್ಲಾರೂ ನಗತಾರ. ನಾ ಹಚ್ಚಿದ ಕರಿಬೇವು ಒಣಗೇತಿ, ದಾಸಾಳ ಒಣಗೇತಿ, ಯಾರು ಹಚ್ಚಿದ್ರೂ ಬೆಳೀತೈತಿ ಅನ್ನೋ ಮನಿ ಪ್ಲಾಂಟ್ ಸುದ್ದಾ ನನ್ನ ಅಡಗಿಮನಿ ಕಿಟಕ್ಯಾಗ ಹಳದಿ ಆಗಿ ಸತ್ತೈತಿ. "ನಿನ್ನ ಕೈ ರೊಟ್ಟಿ ಬಡಿಯಾಕ ಛಲೋ, ಗಿಡಕ್ಕಲ್ಲ" ಅಂತ ನಮ್ಮ ಮನಿಯವರು ಚಾಷ್ಟಿ ಮಾಡತಾರ. ನನಗ ಸಿಟ್ಟು ಮೂಗಿನ ತುದಿ ಮ್ಯಾಲೆ. "ಹಂಗಾದ್ರ ನಾಳಿಂದ ರೊಟ್ಟಿನೂ ನೀವ ಬಡಕೋರಿ" ಅಂತೇನಿ. ಅಂಥಾಕಿ ಮನಿ ಮುಂದ, ಹಾವೇರ್ಯಾಗ, ಗೇಟಿನ ಬಾಜೂಕ ಇವತ್ತ ಒಂದು ಗುಲಾಬಿ ಗಿಡ ನಿಂತೈತಿ. ಹಚ್ಚಿದಾಕಿ ನಾನ. ಅದು ಎಲ್ಲಿಂದ ಬಂತು ಅಂತ ಬಾಯಿಬಿಟ್ಟು ಹೇಳಬಾರದು ಅಂತ ಒಂದು ನಿಯಮ ಐತಿ. ಬರೀಬಾರದು ಅಂತ ಮಾತ್ರ ಯಾರೂ ಹೇಳಿಲ್ಲ, ಅದಕ್ಕ ಬರಿಯಾಕತ್ತೇನಿ.

ನನ್ನ ತವರುಮನಿ ಬ್ಯಾಡಗಿ. ಅಲ್ಲಿ ಅಂಗಳದಾಗ, ಅರಿವಿ ಒಗಿಯೋ ಕಲ್ಲಿನ ಬಾಜೂಕ, ನಮ್ಮವ್ವ ಹಚ್ಚಿದ ಗುಲಾಬಿ ಗಿಡ ಇತ್ತು. ಪ್ಯಾಟ್ಯಾಗ ಪ್ಲಾಸ್ಟಿಕ್ ಸುತ್ತಿ ಮಾರತಾರಲ್ಲ, ಆ ಜಾತಿ ಅಲ್ಲ, ನಾಟಿ ಗುಲಾಬಿ. ತಿಳಿ ಬಣ್ಣ, ಮೈತುಂಬ ಮುಳ್ಳು, ಮಧ್ಯಾಹ್ನ ಆಗೂದರಾಗ ಪಕಳಿ ಉದರಿ ಹೋಗತಿದ್ವು. ಆದ್ರ ವಾಸನಿ! ಮೆಣಸಿನಕಾಯಿ ಸುಗ್ಗಿ ಬಂತಂದ್ರ ಬ್ಯಾಡಗಿ ಊರಿಗೆ ಊರ ಘಾಟು ಹೊಡಿತೈತಿ. ನಾವು ಕೆಮ್ಮಿಕೋತ ಸಾಲಿಗೆ ಹೋಗತಿದ್ವಿ. ಅವ್ವ ನನ್ನ ಹೆರಳಿಗೆ ಒಂದು ಹೂವು ಸಿಗಸಿ, "ಘಾಟು ಬಂದ್ರ ಹೆರಳು ಮುಂದ ತಂದು ಮೂಸು" ಅಂತಿದ್ಲು. ಸಾಲಿ ಮುಟ್ಟೂದರಾಗ ಪಕಳಿ ಎಲ್ಲಾ ದಾರ್ಯಾಗ ಬಿದ್ದು ಬರೇ ತೊಟ್ಟು ಉಳದಿರತಿತ್ತು. ಬ್ಯಾಸಿಗ್ಯಾಗ ಅದ ಪಕಳಿ ಕೂಡಿಸಿ, ಸಕ್ಕರಿ ಹಾಕಿ, ಭರಣ್ಯಾಗ ತುಂಬಿ ಬಿಸಲಿಗಿಟ್ಟು ಗುಲ್ಕಂದ ಮಾಡತಿದ್ಲು. ಭರಣಿ ಕಾಯೋ ಕೆಲಸ ನನ್ನದು, ಬಟ್ಟು ಅದ್ದಿ ನೆಕ್ಕೋ ಕೆಲಸಾನೂ ನನ್ನದ.

ಅವ್ವ ತೀರಿಕೊಂಡ ಮರುವರ್ಷ ಅಣ್ಣ ಹಳೇ ಮನಿ ಕೆಡವಿ ಹೊಸಾದು ಕಟ್ಟಾಕ ನಿಂತ. ಅದರಾಗೇನೂ ತಪ್ಪಿಲ್ಲ. ಮಳಿಗಾಲದಾಗ ಸೋರತಿತ್ತು, ಮಕ್ಕಳು ದೊಡ್ಡವರಾಗಿದ್ರು. ಗೌಂಡಿ ಬಂದು ಸುಣ್ಣದ ಗೆರಿ ಹೊಡದಾಗ ಒಂದು ಪಿಲ್ಲರಿನ ತಗ್ಗು ಬರೋಬ್ಬರಿ ಗುಲಾಬಿ ಬುಡಕ್ಕ ಬಂತು. ಅಣ್ಣನ ಹೆಂಡತಿಗೆ ನಾನು ವೈನಿ ಅಂತೇನಿ. ಅವರು ಫೋನ್ ಮಾಡಿದ್ರು. "ಅಮಾಸಿ ಆದಕೂಡ್ಲೆ ತಗ್ಗು ತೋಡತಾರಂತ್ರಿ. ಗಿಡ ಭಾಳ ಹಳೇದು, ಬುಡ ಕಿತ್ತು ಬ್ಯಾರೆ ಕಡೆ ಹಚ್ಚಿದ್ರ ಉಳಿಯೂದಿಲ್ಲ ಅಂತಾರ. ಅಷ್ಟರಾಗ ಬಂದು ಟೊಂಗಿ ಒಯ್ಯರಿ."

ಫೋನ್ ಇಟ್ಟು ಕುಂತಲ್ಲೇ ಅತ್ತುಬಿಟ್ಟೆ. ಅವ್ವ ಹೋದಾಗ ಓಣಿ ಮಂದಿ ಎಲ್ಲಾ ಬಂದು ಸಮಾಧಾನ ಹೇಳಿದ್ರು. ಗಿಡ ಹೋಗತೈತಿ ಅಂದ್ರ ಯಾರು ಸಮಾಧಾನ ಹೇಳತಾರ? ಅವ್ವನ ಸೀರಿ ಅದಾವು, ಕನ್ನಡಕ ಐತಿ, ಗುಲ್ಕಂದದ ಭರಣಿ ಐತಿ. ಆದ್ರ ಅವ್ವ ಮುಟ್ಟಿದ್ದರಾಗ ಇನ್ನೂ ಜೀವ ಇದ್ದದ್ದು ಅದೊಂದ. ಅದನ್ನ ಉಳಿಸಿಕೊಳ್ಳಬೇಕು, ನನ್ನ ಕೈ ಎಂಥಾದರ ಇರವಲ್ದ್ಯಾಕ ಅಂತ ಹಟ ಹಿಡದೆ.

ಐತವಾರ ಬ್ಯಾಡಗಿಗೆ ಹೋದೆ. ಕತ್ತರಿ ತಗೊಂಡು ಕೈಗೆ ಸಿಕ್ಕಷ್ಟು ಟೊಂಗಿ ಕತ್ತರಿಸಿದೆ. ಎಳೇವು, ಬಲತಾವು, ಮೊಗ್ಗಿದ್ದಾವು, ಎಲ್ಲಾ. ಬಿರು ಬ್ಯಾಸಿಗಿ, ದಾರ್ಯಾಗ ಬಾಡಬಾರದಂತ ಏನಾರ ಹಸಿ ಮಾಡಿ ಸುತ್ತಬೇಕಲ್ಲ. ಅಣ್ಣಂದು ಮೆಣಸಿನಕಾಯಿ ವ್ಯಾಪಾರ, ಪಡಸಾಲ್ಯಾಗ ಖಾಲಿ ಚೀಲ ಬಿದ್ದಿದ್ವು. ಒಂದು ಚೀಲ ಹರದು, ನೀರಾಗ ಅದ್ದಿ ಹಿಂಡಿ, ಟೊಂಗಿ ಸುತ್ತಿ ಬಗಲಾಗ ಇಟಗೊಂಡು ಬಸ್ ಹತ್ತಿದೆ.

ಮೋಟೆಬೆನ್ನೂರು ಮುಟ್ಟೂದರಾಗ ಬಸ್ಸಿನ್ಯಾಗ ಒಬ್ಬರಾದ ಮ್ಯಾಲೆ ಒಬ್ಬರು ಸೀನಾಕ ಹತ್ತಿದ್ರು. ಕಂಡಕ್ಟರು ಟಿಕೇಟ್ ಹರೀಬೇಕಂದ್ರ ಸೀನು. ಹಿಂದಿನ ಸೀಟಿನ ಹೆಣಮಗಳೊಬ್ಬಾಕಿ, "ಯಾರವಾ ಅದು, ಬಸ್ಸಿನ್ಯಾಗ ಒಗ್ಗರಣಿ ಕೊಡಾಕತ್ತೀರಿ?" ಅಂದ್ಲು. ನಾನೂ ಅತ್ತಾಗ ಇತ್ತಾಗ ನೋಡಿದೆ, ಯಾರಿರಬಹುದು ಅಂತ! ಬೆವರು ಒರಸಾಕ ಕೈ ಎತ್ತಿ ಕಣ್ಣು ಮುಟ್ಟಿಕೊಂಡಾಗ ತಿಳೀತು. ಅಯ್ಯ ಶಿವನ, ಆ ಉರಿ! ಬ್ಯಾಡಗ್ಯಾಗ ಹುಟ್ಟಿದಾಕಿಗೆ ಮೆಣಸಿನಕಾಯಿ ಚೀಲದ ಗುಣ ಗೊತ್ತಿಲ್ಲೇನು ಅಂತ ಕೇಳಬ್ಯಾಡ್ರಿ. ಗೊತ್ತೈತಿ. ಆದ್ರ ತವರುಮನಿ ಹೊಸ್ತಲ ದಾಟಿದ್ನೆಂದ್ರ ನನ್ನ ಮೂಗಿಗೆ ಅದು ಘಾಟು ಅಂತ ಅನಿಸೂದ ಇಲ್ಲ, ಮನಿ ವಾಸನಿ ಅಂತ ಅನಸತೈತಿ. ಹಾವೇರಿ ಬರೂತನಕಾ ಒಂದ ಕಣ್ಣಿನ್ಯಾಗ ದಾರಿ ನೋಡಿದೆ.

ಟೊಂಗಿಗಳನ್ನ ತೊಳದು ಕುಂಡ್ಯಾಗ ಊರಿದೆ. ಒಳ್ಳೇ ಗೊಬ್ಬರ ಹಾಕಿದೆ, ಛಲೋ ಬಿಸಲಾಗ ಇಟ್ಟೆ, ಮುಂಜಾನಿ ಸಂಜಿ ನೀರು ಹನಿಸಿದೆ. ಸ್ವಲ್ಪ ದಿನಕ್ಕ ಒಂದರಾಗ ಕೆಂಪನ ಚಿಗುರು ಕಣ್ಣು ಬಿಡ್ತು. ನನ್ನ ಸಂತೋಷ ಏನ ಕೇಳತೀರಿ! ಫೋಟೋ ತಗದು ಎಲ್ಲಾರಿಗೂ ಕಳಿಸಿದೆ. ಹಚ್ಚಾಕ ಜಾಗಾ ಹುಡಕಿ ಗೇಟಿನ ಬಾಜೂಕ ತಗ್ಗು ತೋಡಿಟ್ಟೆ, ಸುತ್ತ ಇಟ್ಟಂಗಿನೂ ಜೋಡಿಸಿದೆ. ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸಿದಂಗ.

ಆ ಉಮೇದಿನ್ಯಾಗ ರಾಣೆಬೆನ್ನೂರಿಗೆ ಹೋದೆ. ಅಲ್ಲಿ ನಮ್ಮ ಅತ್ತಿ, ನಮ್ಮ ಮೈದುನನ ಸಂಸಾರದ ಜೋಡಿ ಇರತಾರ. ಮೈದುನಂದು ಬೀಜದ ಅಂಗಡಿ. ಅತ್ತೀದು ಹಿತ್ತಲ. ಅತ್ತಿ ಕೈ ಹೆಂಗಂದ್ರ, ದನಾ ಹೊಡಿಯೋ ಬಡಗಿ ಕೋಲು ಊರಿದ್ರೂ ಚಿಗೀತೈತಿ ಅಂತ ಓಣ್ಯಾಗ ಅಂತಾರ. ಮದುವಿ ಆಗಿ ಬಂದಾಗಿನಿಂದ ನನಗೂ ಅವರಿಗೂ ಮಾತಿಗೆ ಮಾತು. ಅವರು ಸಾರಿಗೆ ಬೆಲ್ಲ ಅಂದ್ರ ನಾ ಹುಣಸಿಹಣ್ಣು. ಅವತ್ತ ಅವರು ಬಳ್ಳೊಳ್ಳಿ ಸುಲಕೋತ ಕುಂತಿದ್ರು. ನನ್ನ ಚಿಗುರಿನ ಫೋಟೋ ದೂರ ಹಿಡದು ನೋಡಿ, "ಟೊಂಗಿ ಯಾರು ಕೊಟ್ರು?" ಅಂದ್ರು.

"ವೈನಿ ಕರದು ಕೊಟ್ರು."

"ಕರದು ಕೊಟ್ಟ ಟೊಂಗಿ ಬೇರು ಹಿಡದು ಹತ್ತೂದಿಲ್ಲ. ಕದ್ದಿದ್ದು ಹತ್ತತೈತಿ."

"ಶಾಣ್ಯಾರಿದೀರಿ ಬಿಡ್ರಿ ಅತ್ತಿ" ಅಂದೆ. "ಗಿಡಕ್ಕೇನು ಗೊತ್ತಾಗತೈತಿ, ಕೊಟ್ರೋ ಕದ್ರೋ ಅಂತ?"

ಅತ್ತಿ ಒಂದು ಎಸಳು ಸುಲದು, ಇನ್ನೊಂದು ಸುಲದು, ಆಮ್ಯಾಲೆ ಮೆತ್ತಗ, "ಗುಲಾಬಿ ನಮ್ಮ ಹಿತ್ತಲದಾಗೂ ಐತಿ" ಅಂದ್ರು.

ಐತಿ, ನನಗೂ ಗೊತ್ತಿತ್ತು. ಮದುವಿ ಆದ ಹೊಸದರಾಗ ಆ ಗಿಡ ನೋಡಿ, ನಮ್ಮ ಮನ್ಯಾಗಿನಂಥಾದ್ದ ಇಲ್ಲೂ ಐತಲ್ಲ ಅಂತ ಜೀವಕ್ಕ ಸಮಾಧಾನ ಆಗಿತ್ತು. ನಾಟಿ ಗುಲಾಬಿ ಯಾರ ಮನ್ಯಾಗ ಇರೂದಿಲ್ಲ ಅಂತ ಅಲ್ಲಿಗೇ ಬಿಟ್ಟಿದ್ದೆ. ಅವತ್ತ ಮಾತ್ರ ನನಗ ಚುರ್ ಅಂತು. "ಜಾತಿ ಒಂದ ಇದ್ರ ಆತೇನ್ರಿ? ನಿಮ್ಮ ಗಿಡ ನಿಮಗ ಇರಲಿ. ನನಗ ಬೇಕಾಗಿದ್ದು ನಮ್ಮವ್ವನ ಗಿಡ" ಅಂದೆ. ಅತ್ತಿ ಏನೋ ಹೇಳಾಕ ಬಾಯಿ ತಗದು, ಹಂಗ ಮುಚ್ಚಿಕೊಂಡ್ರು. ಅವರು ಮಾತು ನುಂಗಿದ್ದನ್ನ ನಾ ನೋಡಿದ್ದು ಅದ ಮೊದಲು. ಗೆದ್ದೆ ಅನ್ಕೊಂಡು ಊರಿಗೆ ಬಂದೆ.

ಬ್ಯಾಡಗ್ಯಾಗ ಅಮಾಸಿ ಆತು, ತಗ್ಗು ತೋಡಿದ್ರು, ಗಿಡ ಹೋತು. ಇಲ್ಲಿ ನನ್ನ ಚಿಗುರು ತಲಿ ಬಾಗಸ್ತು. ಮೊದಲು ಎಲಿ ಬಾಡಿತು, ಆಮ್ಯಾಲೆ ಟೊಂಗಿ ಕರ್ರಗಾತು. ತಡಕೊಳ್ಳಾಕ ಆಗದ ಕಿತ್ತು ನೋಡಿದೆ. ಒಂದು ಎಳಿ ಬೇರಿಲ್ಲ! ತನ್ನ ಮೈಯಾಗ ಉಳದಿದ್ದ ಸತ್ವ ಖರ್ಚು ಮಾಡಿ ಚಿಗತಿತ್ತು ಅಷ್ಟ, ಕೆಳಗ ಏನೂ ಹಿಡಕೊಂಡಿರಲಿಲ್ಲ. ಉಳದಾವನ್ನೂ ಒಂದೊಂದ ಕಿತ್ತೆ. ಎಲ್ಲಾ ಹಂಗ, ಬುಡ ಕೊಳತು ಮೆತ್ತಗಾಗಿದ್ವು. ಸಿಟ್ಟು ಎಲ್ಲಿ ಹಾಕಲಿ? ವೈನಿಗೆ ಫೋನ್ ಹಚ್ಚಿ, "ಇನ್ನ ನಾಕು ದಿನ ತಡದಿದ್ರ ನಿಮ್ಮ ಮನಿ ಏಳತಿದ್ದಿಲ್ಲೇನ್ರಿ?" ಅಂತ ಬಾಯಿಗೆ ಬಂದಂಗ ಅಂದೆ. ಅವರು ಎಲ್ಲಾ ಕೇಳಿಸಿಕೊಂಡು, "ನಿಮ್ಮವ್ವ ಹಾಸಿಗಿ ಹಿಡದ ಮ್ಯಾಲೆ ಆ ಗಿಡಕ್ಕ ನೀರು ಹಾಕಿದಾಕಿ ನಾನರಿ. ನನಗ ಹೊಟ್ಟಿ ಉರಿಯೂದಿಲ್ಲೇನು?" ಅಂದು ಫೋನ್ ಇಟ್ರು. ಅವರು ಹೇಳಿದ್ದು ಖರೇನ ಇತ್ತು.

ಕಾರಹುಣ್ಣವಿಗೆ ರಾಣೆಬೆನ್ನೂರಿಗೆ ಹೋದಾಗ ಮಳಿ ಹಿಡದಿತ್ತು. ಕಡಬು ಮಾಡಿದ್ವಿ, ಉಂಡ್ವಿ. ಹಿತ್ತಲ ಬಾಗಲಾಗ ಕುಂತಾಗ ಆ ಗಿಡದ ವಾಸನಿ ಬಂತು, ನನಗ ಅಳು ತಡೀಲಿಲ್ಲ. ಯಾರಿಗೂ ಕಾಣಬಾರದಂತ ಮಾರಿ ತಿರುವಿಕೊಂಡಿದ್ದೆ. ಅತ್ತಿ ಬಂದು ಬಾಜೂಕ ಕುಂತ್ರು. ಮಂಡಿ ನೋವಿನವರು, ನೆಲಕ್ಕ ಕುಂದ್ರೂದಂದ್ರ ಅವರಿಗೆ ದೊಡ್ಡ ಕೆಲಸ.

"ಏ ಹುಚ್ಚಿ" ಅಂದ್ರು, "ಬೀಜದಿಂದ ಬಂದಿದ್ದು ಮಗಳು. ಟೊಂಗಿಯಿಂದ ಬಂದಿದ್ದು ಅದ ಗಿಡ. ಜಾಗಾ ಅಷ್ಟ ಬ್ಯಾರೆ."

"ಅದಕ್ಕೇನೀಗ?"

"ಆ ಗಿಡ ನಿಮ್ಮವ್ವಂದು."

ನನಗ ತಿಳೀಲಿಲ್ಲ. ಅತ್ತಿ ಆ ಕಡೆ ಈ ಕಡೆ ನೋಡಿ, ಗಿಡಕ್ಕ ಕೇಳಿಸಬಾರದು ಅನ್ನೋವಂಗ ದನಿ ತಗ್ಗಿಸಿದ್ರು. "ನಿನ್ನ ನೋಡಾಕಂತ ಬ್ಯಾಡಗಿಗೆ ಬಂದಿದ್ವಲ್ಲ, ಅವತ್ತ. ಅವಲಕ್ಕಿ ತಿಂದು ಕೈ ತೊಳಕೊಳ್ಳಾಕ ಅಂಗಳಕ್ಕ ಹೋದೆ. ಅರಿವಿ ಒಗಿಯೋ ಕಲ್ಲಿನ ಬಾಜೂಕ ಈ ಗುಲಾಬಿ. ವಾಸನಿಗೆ ಜೀವ ತಡೀಲಿಲ್ಲ. ಲಟಕ್ಕನ ಒಂದು ಟೊಂಗಿ ಮುರದು ಸೆರಗಿನ್ಯಾಗ ಮುಚ್ಚಿಕೊಂಡೆ."

ಅಳೂದು ಅಲ್ಲೇ ನಿಂತು ಹೋತು. "ನನ್ನ ನೋಡಾಕ ಬಂದು ಟೊಂಗಿ ಕದ್ರಿ?"

"ನಿನ್ನ ಆಮ್ಯಾಲೆ ನೋಡಿದೆ."

"ಇಷ್ಟು ವರ್ಷ ಒಂದ ಮಾತು ಹೇಳಲಿಲ್ಲಲ್ರಿ ಅತ್ತಿ!"

"ಕದ್ದ ಗಿಡದ ಮೂಲ ಬಾಯಿಬಿಟ್ಟು ಹೇಳಿದ್ರ ಗಿಡ ಒಣಗತೈತಿ ಅಂತ ನಮ್ಮತ್ತಿ ಹೇಳಿದ್ರು. ಅದಕ್ಕ ನಿಮ್ಮ ಮಾವನವರಿಗೂ ಹೇಳಿದ್ದಿಲ್ಲ." ಗಿಡದ ಕಡೆ ಒಮ್ಮೆ ನೋಡಿದ್ರು. "ಒಣಗಿದ್ರ ಒಣಗವಲ್ದ್ಯಾಕ. ನೀ ಹಿಂಗ ಅಳೂದು ನೋಡಾಕ ಆಗವಲ್ದು ನನಗ."

ಆ ಗಿಡದ ಮ್ಯಾಲೆ ಅವರಿಗೆ ಎಷ್ಟು ಪ್ರೀತಿ ಅಂತ ನನಗ ಗೊತ್ತು. ಮೊಮ್ಮಕ್ಕಳು ಚೆಂಡು ಒಗದ್ರ ಬಡಗಿ ತಗೊಂಡು ಬರತಿದ್ರು. ಅದು ಒಣಗತೈತಿ ಅಂತ ಖರೇನ ನಂಬಿಕೊಂಡು, ಒಣಗಲಿ ಅಂತ ನನ್ನ ಮುಂದ ಬಾಯಿ ಬಿಟ್ಟಿದ್ರು. ಹೋಗಿ ಗಿಡ ಮುಟ್ಟಿ ನೋಡಿದೆ. ಮುಳ್ಳು ಚುಚ್ಚಿತು. ಅದ ಮುಳ್ಳು.

"ಒಂದು ಟೊಂಗಿ ಕೊಡ್ರಿ ಅತ್ತಿ" ಅಂದೆ.

"ಕೊಡೂದಿಲ್ಲ" ಅಂತ ಗಟ್ಟಿಯಾಗಿ ಅಂದ್ರು. ಆಮ್ಯಾಲೆ ಗ್ವಾಡಿ ಹಿಡಕೊಂಡು ಎದ್ದು, "ನಾ ಜಳಕಕ್ಕ ಹೋಗತೇನಿ. ತಡಾ ಆಗತೈತಿ. ಪೆನ್ಸಿಲ್ಲಿನಷ್ಟು ದಪ್ಪ ಇರೋ ಟೊಂಗಿ ಭಾಳ ಎಳೇದೂ ಇರೂದಿಲ್ಲ, ಭಾಳ ಬಲತೂ ಇರೂದಿಲ್ಲ ಅಂತ ಮಂದಿ ಅಂತಿರತಾರ, ನನಗೇನು ಗೊತ್ತಿಲ್ಲ" ಅಂತ ಹೇಳಿಕೋತ ಒಳಗ ಹೋದ್ರು. ಮಧ್ಯಾಹ್ನ ಉಂಡಮ್ಯಾಲೆ ಯಾರು ಜಳಕ ಮಾಡತಾರ? ಬಚ್ಚಲದಾಗ ಸುಮ್ಮನ ತಂಬಿಗಿ ಸಪ್ಪಳ ಮಾಡಾಕತ್ತಿದ್ರು. ನಾ ಕದ್ದೆ. ಒಂದಲ್ಲ, ಮೂರು.

ಈ ಸಲ ಅತ್ತಿ ಅಂದಂಗ ಮಾಡಿದೆ. ಎದುರು ಮಾತಾಡಾಕ ಬಾಯಿ ತುರಸ್ತಿತ್ತು, ತಡಕೊಂಡೆ. ಅವರು ಫೋನಿನ್ಯಾಗ ಹೇಳೂದೂ ಒಂದು ತಮಾಷಿ, ಕದ್ದ ಮಾಲಿನ ಹೆಸರೆತ್ತೂಹಂಗಿಲ್ಲಲ್ಲ. "ಯಾರೋ ಒಬ್ಬಾಕಿ ಟೊಂಗಿ ಹಚ್ಚತಿದ್ಲಂತ" ಅಂತ ಕತಿ ಹೇಳಿದಂಗ ಹೇಳತಿದ್ರು. ಆ ಯಾರೋ ಒಬ್ಬಾಕಿ ಟೊಂಗಿಯ ಚಿಗುರೊಡಿಯೋ ಕಣ್ಣಿನ ಕೆಳಗ ಓರಿಯಾಗಿ ಕೊಯ್ದು, ಮೊಗ್ಗು ಚಿವುಟಿ, ತುದ್ಯಾಗ ಎರಡು ಎಲಿ ಬಿಟ್ಟು ಉಳದಾವನ್ನ ತಗದ್ಲು. ಬುಡಕ್ಕ ಲೋಳಸರದ ತಿರಳು ಹಚ್ಚಿದ್ಲು. ಅರ್ಧ ಉಸುಕು, ಅರ್ಧ ಕೆಂಪು ಮಣ್ಣು, ಗೊಬ್ಬರ ಮಾತ್ರ ಇಲ್ಲ. "ಬೇರಿಲ್ಲದ್ದಕ್ಕ ಗೊಬ್ಬರ ಹಾಕೂದಂದ್ರ ಹಲ್ಲಿಲ್ಲದ ಕೂಸಿಗೆ ಕಟಿ ರೊಟ್ಟಿ ತಿನಿಸಿದಂಗ." ಸಿಪ್ಪಿ ಕೆತ್ತಬಾರದಂತ ಮೊದಲು ಕಡ್ಡಿಯಿಂದ ತೂತು ಮಾಡಿ, ಆಮ್ಯಾಲೆ ಟೊಂಗಿ ಇಳಿಬಿಟ್ಟು ಮಣ್ಣು ಅಮುಕಿದ್ಲು. ಮ್ಯಾಲಿನ ಕೊಯ್ದ ತುದಿಗೆ ಸಗಣಿ ಉಂಡಿ ಇಟ್ಲು, ಒಣಗಬಾರದಂತ. ನೀರಿನ ಬಾಟ್ಲಿ ಅರ್ಧಕ್ಕ ಕೊಯ್ದು ಮ್ಯಾಲೆ ಡಬ್ಬು ಹಾಕಿ, ಬಿಸಲು ಬೀಳದ ತಂಪು ಜಾಗಾದಾಗ ಇಟ್ಲು.

"ಆಮ್ಯಾಲೆ?" ಅಂದೆ.

"ಆಮ್ಯಾಲೆ ಆಕಿ ತನ್ನ ಕೆಲಸಾ ತಾ ನೋಡಿಕೊಂಡ್ಲಂತ. ಕಿತ್ತು ಕಿತ್ತು ನೋಡಲಿಲ್ಲಂತ."

ಅದ ಎಲ್ಲಾದಕ್ಕಿಂತ ಕಠಿಣ ಇತ್ತು. ನನ್ನ ಸ್ವಭಾವಕ್ಕ ಅದು ಶಿಕ್ಷಾ. ಅದಕ್ಕ ನಾನೂ ಒಂದು ಉಪಾಯ ಮಾಡಿದ್ದೆ. ಮಣ್ಣು ತುಂಬಿದ್ದು ಕುಂಡ್ಯಾಗಲ್ಲ, ಬುಡಕ್ಕ ತೂತು ಮಾಡಿದ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಗ್ಲಾಸಿನ್ಯಾಗ. ಕಿತ್ತರ ಅಲ್ಲ ತಪ್ಪು, ನೋಡಿದ್ರ ಏನು? ಬೆಳಕು ಬೀಳಬಾರದಂತ ಸುತ್ತ ಕರೀ ಅರಿವಿ ಕಟ್ಟಿ, ದಿನಾ ಮುಂಜಾನಿ ಸ್ವಲ್ಪ ಸರಿಸಿ ಇಣುಕತಿದ್ದೆ. ಎರಡು ಟೊಂಗಿ ಹೋದ್ವು. ಒಂದರಾಗ ಚಿಗುರು ಬಂತು. ಈ ಸಲ ಯಾರಿಗೂ ಫೋಟೋ ಕಳಿಸಲಿಲ್ಲ. ಚಿಗುರು ನಂಬಾಕಿ ಅಲ್ಲ ನಾನೀಗ. ಶ್ರಾವಣದ ಒಂದು ಮುಂಜಾನಿ ಅರಿವಿ ಸರಿಸಿದ್ರ, ಗ್ಲಾಸಿನ ಗ್ವಾಡಿಗೆ ಅಂಟಿಕೊಂಡು ಬೆಳ್ಳನ ಒಂದು ಬೇರು, ಹೊಲಿಗಿ ದಾರದಷ್ಟು ತೆಳ್ಳಗ. "ರೀ, ಬರ‍್ರಿಲ್ಲೆ!" ಅಂತ ಚೀರಿದೆ. ಮನಿಯವರು ಗಡ್ಡಕ್ಕ ಸಾಬೂನು ಹಚಗೊಂಡಾವರು ಹಂಗ ಓಡಿ ಬಂದ್ರು, ನಾ ಎಲ್ಲೆರ ಬಿದ್ದೆನೋ ಏನೋ ಅಂತ ಅಂಜಿ. ಇಬ್ಬರೂ ಬಗ್ಗಿ ನಿಂತು ಆ ಬೇರು ನೋಡಿದ್ವಿ. ಅವರು ಚಾಷ್ಟಿ ಮಾಡಲಿಲ್ಲ.

ಬೇರು ಗ್ಲಾಸಿನ ತುಂಬ ಹೆಣಕೊಂಡ ಮ್ಯಾಲೆ ಬಾಟ್ಲಿ ದಿನಕ್ಕಿಷ್ಟು ಹೊತ್ತು ತಗದು ಗಾಳಿ ರೂಢಿ ಮಾಡಿಸಿದೆ. ಆಮ್ಯಾಲೆ ಒಂದು ಸಂಜಿ, ಮೋಡ ಇದ್ದಾಗ, ಗ್ಲಾಸು ಕತ್ತರಿಸಿ, ಮಣ್ಣಿನ ಹೆಂಟಿ ಒಡೀದಂಗ ಎರಡೂ ಕೈಯಾಗ ಹಿಡದು, ಬ್ಯಾಸಿಗ್ಯಾಗ ತೋಡಿದ್ದ ಅದ ತಗ್ಗಿನ್ಯಾಗ ಇಳಿಸಿದೆ. ಮರುದಿನ ಎಲಿ ಜೋತು ಬಿದ್ದು ನನ್ನ ಜೀವಾನ ಹೋತು. ನೆರಳಿಗೆ ಚೀಲ ಕಟ್ಟಿದೆ. ಜ್ವಾಳದ ಚೀಲ, ಮೂಸಿ ನೋಡಿ! ಮೂರನೇ ದಿನಕ್ಕ ಎಲಿ ತಲಿ ಎತ್ತಿದ್ವು. ಅತ್ತ ರಾಣೆಬೆನ್ನೂರಿನ ಗಿಡಾನೂ ಒಣಗಲಿಲ್ಲ. "ಹೇಳೂ ಮುಂದ ದನಿ ತಗ್ಗಿಸಿದ್ದೆ, ಕೇಳಿಸಿಲ್ಲ ಅದಕ್ಕ" ಅಂದ್ರು ಅತ್ತಿ.

ಮೊದಲ ಹೂವು ಬಿಟ್ಟಾಗ ಅತ್ತಿ ಹಾವೇರಿಗೆ ಬಂದ್ರು. ಗೇಟಿನ ಕಡೆ ಕುರ್ಚಿ ಹಾಕಿಸಿಕೊಂಡು ಕುಂತು ಭಾಳ ಹೊತ್ತು ನೋಡಿದ್ರು. "ಇನ್ನೊಂದು ಮಾತು ಉಳದೈತಿ" ಅಂದ್ರು. "ಅವತ್ತ ನಾ ಟೊಂಗಿ ಮುರಿಯೂದು ನಿಮ್ಮವ್ವ ಅಡಗಿಮನಿ ಕಿಟಕ್ಯಾಗಿಂದ ನೋಡಿದ್ಲು. ಕಣ್ಣಿಗೆ ಕಣ್ಣು ಕೂಡಿತು. ನಾ ನಾಚಿಕಿಯಿಂದ ಸತ್ತ ಹೋದೆ. ಇಂಥಾ ಮನಿಗೆ ಹೆಣ್ಣು ಕೊಡತಾಳೇನು ಅನ್ಕೊಂಡೆ. ಆಕಿ ಮಾರಿ ತಿರುವಿಕೊಂಡು ಚಾ ಸೋಸಾಕ ಹತ್ತಿದ್ಲು. ನಾವು ಹೊಂಟು ನಿಂತಾಗ ಬಂದು, ನನ್ನ ಕೈಯಾಗ ಒಂದು ಹಸಿ ಅರಿವಿ ಇಟ್ಲು. 'ಬಿಸಲು ಭಾಳ ಐತ್ರಿ, ದಾರ್ಯಾಗ ಮುಖಾ ಒರಸಿಕೊಳ್ರಿ' ಅಂದ್ಲು. ಮುಖಾ ಒರಸಾಕ ಯಾರಾದ್ರೂ ಅಷ್ಟು ಹಸಿ ಅರಿವಿ ಕೊಡತಾರೇನು? ನೀರು ತೊಟ್ಟಿಕ್ಕಾಕತ್ತಿತ್ತು. ರಾಣೆಬೆನ್ನೂರು ಮುಟ್ಟೂತನಕಾ ಟೊಂಗಿ ಬಾಡಲಿಲ್ಲ."

ನಮ್ಮವ್ವ ನನ್ನನ್ನ ಯಾರ ಕೈಯಾಗ ಇಡಾಕತ್ತೇನಿ ಅಂತ ಅವತ್ತ ಆ ಕಿಟಕ್ಯಾಗ ನಿಂತ ನೋಡಿ ತಿಳಕೊಂಡಿದ್ಲು. ನನಗ ತಿಳಿಯಾಕ ಇಷ್ಟು ವರ್ಷ ಹಿಡೀತು. ಅತ್ತಿ ಕಾಲು ಮುಟ್ಟಬೇಕು, ಏನಾರ ಹೇಳಬೇಕು ಅನಿಸ್ತು. ಆದ್ರ ಕದ್ದ ಗಿಡಕ್ಕ ಉಪಕಾರ ಹೇಳೂದಂದ್ರ ಕಳುವು ಒಪ್ಪಿಕೊಂಡಂಗಲ್ಲ? "ಅತ್ತಿ, ಇವತ್ತ ಸಾರಿಗೆ ಬೆಲ್ಲ ಹಾಕತೇನಿ" ಅಂದೆ. "ಹಾಕವಾ" ಅಂದ್ರು.

ಮೊನ್ನೆ ವೈನಿ ಬಂದಿದ್ರು, ಹೊಸ ಮನಿ ವಾಸ್ತುಶಾಂತಿಗೆ ಕರಿಯಾಕ. ಆ ಫೋನಿನ ಜಗಳ ಆದ ಮ್ಯಾಲೆ ನಾವು ಎದುರಾ ಎದುರು ಕೂಡಿದ್ದು ಅದ ಮೊದಲು. ಅರಿಷಿಣ ಕುಂಕುಮ ಹಚ್ಚಿ, ಅಕ್ಷತಾ ಕೊಟ್ಟು, "ಬರಬೇಕ್ರಿ ಮತ್ತ" ಅಂದ್ರು. ದನ್ಯಾಗ ಅಂಜಿಕಿ ಇತ್ತು. ಹೊಂಟವರು ಗೇಟಿನ ಕಡೆ ನಿಂತುಬಿಟ್ರು. ಬಗ್ಗಿ ಒಂದು ಹೂವು ಮೂಸಿದ್ರು. ತಲಿ ಎತ್ತಿದಾಗ ಕಣ್ಣು ತುಂಬಿದ್ವು. "ಇದು... ಯಾವ ಗಿಡಾರಿ?"

ಹೇಳಿಬಿಡಬೇಕು ಅಂತ ನಾಲಿಗಿ ತುದಿಗೆ ಬಂದಿತ್ತು. ತಡಕೊಂಡೆ, ಅದು ಬ್ಯಾಡಗ್ಯಾಗ ಹತ್ತಬೇಕಲ್ಲ. "ಗುಲಾಬಿರಿ" ಅಂತ ಅಡ್ಡಗ್ವಾಡಿ ಮ್ಯಾಲೆ ದೀಪ ಇಟ್ಟಂಗ ಅಂದೆ. "ಏ, ಹಂಗ ಹೊಂಟ್ರಿ? ಇನ್ನೊಂದ ಗುಟುಕು ಚಾ ಕುಡದು ಹೋಗೂರಂತ. ಹಾಲು ಕಾಸಬೇಕು, ಸ್ವಲ್ಪ ತಡಾ ಆಗತೈತಿ ಮತ್ತ" ಅಂತ ಓಣಿಗೆಲ್ಲಾ ಕೇಳೂವಂಗ ಹೇಳಿ ಒಳಗ ಬಂದೆ. ಅಡಗಿಮನ್ಯಾಗ ಪಾತ್ರಿ ಸಪ್ಪಳ ಮಾಡಿದೆ. ಹೊರಗ ಲಟಕ್ ಅಂತು.

ಅವ್ವನ ಹಳೇ ಸೀರ್ಯಾಗಿಂದು ಒಂದು ತುಂಡು ಹರದು, ನೀರಾಗ ಅದ್ದಿ, ಹಿಂಡಲಾರದ ತಗೊಂಡು ಹೋದೆ. ಹೊರಗ ಜಿಟಿಜಿಟಿ ಮಳಿ ಹತ್ತಿತ್ತು, ತಣ್ಣನ ಗಾಳಿ ಬೀಸಾಕತ್ತಿತ್ತು. ವೈನಿ ಸೆರಗು ಬಿಗಿಯಾಗಿ ಹಿಡಕೊಂಡು ನಿಂತಿದ್ರು. ಅವರ ಕೈಯಾಗ ಅರಿವಿ ಇಟ್ಟು, "ಬಿಸಲು ಭಾಳ ಐತ್ರಿ, ದಾರ್ಯಾಗ ಮುಖಾ ಒರಸಿಕೊಳ್ರಿ" ಅಂದೆ.

ವೈನಿ ಮಳಿ ನೋಡಿದ್ರು, ನೀರು ತೊಟ್ಟಿಕ್ಕೋ ಅರಿವಿ ನೋಡಿದ್ರು, ನನ್ನ ಮಾರಿ ನೋಡಿದ್ರು. ಆಮ್ಯಾಲೆ ಅದನ್ನ ಮೆಲ್ಲಕ ಸೆರಗಿನೊಳಗ ಒಯ್ದ್ರು.

"ಹೌದ್ರಿ" ಅಂದ್ರು, "ಭಾಳ ಬಿಸಲು."